ಕಾಯುವವಳು

ತಳ ಹಿಡಿದ ಪಾತ್ರೆಯ ವಾಸನೆ ಬಂದರೆ ಮೀನು ಟೀಚರ್ ಇಂದಿಗೂ ಎದ್ದು ಹೊರಗೆ ಹೋಗಿಬಿಡುತ್ತಾರೆ. ಅವರು ಚಿಕ್ಕವರಿದ್ದಾಗ ಎಲ್ಲರ ಊಟ ಮುಗಿದು, ಅಪ್ಪ ಕೈ ತೊಳೆದು, ಅಣ್ಣಂದಿರು ಹಾಸಿಗೆ ಬಿಡಿಸುವ ಹೊತ್ತಿಗೆ ಅಡುಗೆಮನೆಯಿಂದ ಆ ಸೀದ ವಾಸನೆ ಬರುತ್ತಿತ್ತು. ಹಿಂದೆಯೇ ಚಮಚ ಪಾತ್ರೆಯ ತಳ ಕೆರೆಯುವ ಸದ್ದು. ಅಮ್ಮ ಊಟಕ್ಕೆ ಕೂತಳು ಎಂದು ಅದರಿಂದಲೇ ಗೊತ್ತಾಗಬೇಕು. ಕೂತಳು ಅನ್ನುವುದು ಬಾಯಿಮಾತಿಗೆ. ತಿನ್ನುತ್ತಿದ್ದದ್ದು ನಿಂತುಕೊಂಡೇ. "ನಂಗೆ ಸೀದದ್ದೇ ಇಷ್ಟ ಕಣೆ" ಅನ್ನುತ್ತಿದ್ದಳು. ಮಗಳು ನಂಬಿದಳು. ಅದು ಸುಳ್ಳೆಂದು ಬುದ್ಧಿಗೆ ಹೊಳೆಯುವಷ್ಟರಲ್ಲಿ ಅಮ್ಮನೇ ಇರಲಿಲ್ಲ.

ಮೀನು ಟೀಚರ್ ಎನ್ನುವುದು ಶಿಶುವಿಹಾರದ ಮಕ್ಕಳು ಇಟ್ಟ ಹೆಸರು. ಪ್ರತಿ ವರ್ಷ ಕೊನೆಯ ತಿಂಗಳು ಅವರ ಕೋಣೆ ಸಮುದ್ರವಾಗುತ್ತಿತ್ತು. ಕಿಟಕಿಗಳಿಗೆ ನೀಲಿ ಕಾಗದ, ನೆಲಕ್ಕೆ ಹಳೆಯ ನೀಲಿ ಪರದೆ, ಮೂಲೆಯಲ್ಲಿ ಉಪ್ಪು ಕದಡಿದ ನೀರಿನ ಟಬ್ಬು. ಸಮುದ್ರ ಆ ಊರಿನಿಂದ ಬಲು ದೂರ. ಮಕ್ಕಳು ಒಂದೊಂದೇ ಬೆರಳು ಅದ್ದಿ, ನೆಕ್ಕಿ, ಮುಖ ಕಿವುಚಿ, ಮತ್ತೆ ಅದ್ದಲು ಸಾಲಿನ ಹಿಂದೆ ಹೋಗಿ ನಿಲ್ಲುತ್ತಿದ್ದರು. ತಿಮಿಂಗಿಲ ಮೀನಲ್ಲ, ಕಡಲಕುದುರೆ ಕುದುರೆಯಲ್ಲ, ನಕ್ಷತ್ರಮೀನು ಎರಡೂ ಅಲ್ಲ ಎಂದು ಅವರಿಗೆಲ್ಲ ಬಾಯಿಪಾಠ. ಮರಿಗಳನ್ನು ಹೊಟ್ಟೆಯಲ್ಲಿ ಹೊರುವುದು ಅಪ್ಪ ಕಡಲಕುದುರೆ ಎಂದು ಹೇಳಿದ ದಿನ ಒಬ್ಬ ಹುಡುಗ ಮನೆಗೆ ಹೋಗಿ, "ಅಪ್ಪಾ, ನೀನ್ಯಾಕೆ ಸುಮ್ನೆ ಕೂತಿದ್ದೆ?" ಎಂದು ಕೇಳಿದ್ದನಂತೆ.

ಆ ವರ್ಷ ಒಂದು ವಾರ ಆಕ್ಟೋಪಸ್ಸಿನ ಸರದಿ. ಟೀಚರ್ ಹಳೆಯ ಕಾಲುಚೀಲಗಳಿಗೆ ಚಿಂದಿ ತುಂಬಿ, ಎಂಟು ಕೈ ಹೊಲಿದು ಒಂದನ್ನು ಮಾಡಿದ್ದರು. ಅದಕ್ಕೆ ಮೂರು ಹೃದಯ ಎಂದಾಗ ಮಕ್ಕಳು ತಮ್ಮ ತಮ್ಮ ಎದೆ ಮುಟ್ಟಿ ಎಣಿಸಿಕೊಂಡರು.

"ಅಮ್ಮ ಆಕ್ಟೋಪಸ್ ಗುಹೆಯೊಳಗೆ ಮೊಟ್ಟೆ ಇಟ್ಟು ಕಾಯ್ತಾಳೆ" ಎಂದರು ಟೀಚರ್.

"ಕಾಯೋದು ಅಂದ್ರೆ?" ಕೇಳಿದವಳು ಬಟಾಣಿ. ಕನ್ನಡಕದಂಗಡಿಯವನ ಮಗಳು, ನಾಲ್ಕೂವರೆ ವರ್ಷ, ಗುಂಡಗೆ ಇರುವುದಕ್ಕೆ ಆ ಹೆಸರು.

"ಬಿಟ್ಟು ಹೋಗದೆ ಅಲ್ಲೇ ಇರೋದು. ಊಟಕ್ಕೂ ಏಳಲ್ಲ. ಮೊಟ್ಟೆಗಳ ಮೇಲೆ ನೀರು ಬೀಸ್ತಾನೇ ಇರ್ತಾಳೆ. ಮರಿಗಳು ಹೊರಗೆ ಬರೋ ಹೊತ್ತಿಗೆ ಅವಳ ಶಕ್ತಿಯೆಲ್ಲ ಮುಗಿದಿರುತ್ತೆ. ಸತ್ತು ಹೋಗ್ತಾಳೆ."



"ಹೋಟೆಲಿಂದ ತರಿಸ್ಕೋಬಹುದಿತ್ತು" ಎಂದ ಒಬ್ಬ.

"ಯಾರೂ ಊಟ ತಂದುಕೊಡಲ್ವಾ ಟೀಚರ್?" ಎಂದಳು ಬಟಾಣಿ.

"ಸಮುದ್ರದಲ್ಲಿ ಹಾಗೆ ಯಾರೂ ತಂದುಕೊಡಲ್ಲ ಮರಿ."

ಬಟಾಣಿ ಎದ್ದು ಹೋಗಿ ಆ ಕಾಲುಚೀಲದ ಗೊಂಬೆಯ ಹೊಟ್ಟೆ ಮುಟ್ಟಿ ನೋಡಿದಳು.

ಅದಾದ ಒಂದು ವಾರಕ್ಕೆ ಟೀಚರ್‌ಗೆ ಬುಲಾವ್ ಬಂತು. ಹೆಡ್ ಮೇಡಂ ಕೋಣೆಯಲ್ಲಿ ಕನ್ನಡಕದಂಗಡಿಯವನೂ ಅವನ ತಾಯಿಯೂ ಕೂತಿದ್ದರು. ಮೇಡಂ ಕುರ್ಚಿಯ ಮೇಲೆ ಗೋಡೆಗೆ ದಪ್ಪಕ್ಷರದಲ್ಲಿ 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ' ಎಂದು ಬರೆಸಿತ್ತು.

"ಏನಮ್ಮ ಟೀಚರು, ಮಕ್ಕಳಿಗೆ ಅ ಆ ಇ ಈ ಹೇಳಿಕೊಡು ಅಂದ್ರೆ ಸಾವು ಹೇಳಿಕೊಡ್ತೀಯಾ?" ಎಂದಿತು ಅಜ್ಜಿ. "ಮನೇಲಿ ಹಸುಗೂಸು ಇದೆ. ಮೊಮ್ಮಗಳು ದಿನಾ ಊಟದ ಡಬ್ಬಿ ಹಾಗೇ ವಾಪಸ್ ತಂದು ಅಮ್ಮನ ಮುಂದೆ ಇಡ್ತಾಳೆ. 'ತಿನ್ನು, ಇಲ್ಲಾಂದ್ರೆ ಸತ್ತು ಹೋಗ್ತೀಯ' ಅಂತಾಳೆ. ಆಡೋ ಮಾತಾ ಅದು?"

"ಮಗು ಹೆದರಿದೆ ಮೇಡಂ. ಇಲ್ಲಿ ಉಪವಾಸ ಇರ್ತಾಳೆ. ಇವರು ಹೆದರಿಸಿಟ್ಟಿದ್ದಾರೆ" ಎಂದ ಮಗ. ಎನ್ನುತ್ತಲೇ, ಜಾರುತ್ತಿದ್ದ ಮೇಡಂ ಕನ್ನಡಕವನ್ನು ಕೈ ಚಾಚಿ ಇಸಿದುಕೊಂಡು, ಕಿವಿಯ ಕಡ್ಡಿಯನ್ನು ಹೆಬ್ಬೆರಳಲ್ಲಿ ಹದವಾಗಿ ಬಗ್ಗಿಸಿ, ಗಾಜು ಒರೆಸಿ ವಾಪಸ್ ಕೊಟ್ಟ. ಆಮೇಲೆ ಮತ್ತೆ ಬೈಯಲು ಶುರು ಮಾಡಿದ. ಕೆಟ್ಟವನಲ್ಲ. ಅದೇ ಟೀಚರ್‌ಗೆ ಇನ್ನೂ ಸಿಟ್ಟು ತರಿಸಿತು.

"ತಾಯಿ ಮುಂದೇನೇ ಯಾಕೆ ಇಡ್ತಾಳೆ ಅಂತ ಕೇಳಿದ್ರಾ?" ಎಂದರು.

"ಕೇಳೋದೇನು? ನಿಮ್ಮ ಪಾಠದ ಪ್ರಭಾವ!"

ಹೆಡ್ ಮೇಡಂ ಅಡ್ಡಗೋಡೆಯ ಮೇಲೆ ದೀಪ ಇಡುವವರು. ತಾಯಿ, ಮಗ ಹೊರಟ ಮೇಲೆ ಬಾಗಿಲು ಮುಂದೆ ಮಾಡಿ ಹೇಳಿದರು, "ನಾಳೆ ಪೋಷಕರನ್ನೂ ಕೂರಿಸ್ತೀನಿ. ಮಕ್ಕಳ ಮುಂದೆ, ನಾನು ತಪ್ಪು ಹೇಳಿದ್ದೆ, ಅಮ್ಮ ಆಕ್ಟೋಪಸ್ ಮರಿಗಳ ಜೊತೆ ಖುಷಿಯಾಗಿ ಈಜಿ ಹೋಯ್ತು ಅಂದ್ಬಿಡಿ. ಇಲ್ಲಾಂದ್ರೆ ಮುಂದಿನ ವರ್ಷ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ. ನಿಮಗೂ ಗೊತ್ತು, ನೀವು ಕಾಯಂ ಅಲ್ಲ."

ಹೊರಗೆ ಬಂದರೆ ಬೆಂಚಿನ ಮೇಲೆ ಬಟಾಣಿಯ ಅಮ್ಮ. ಒಳಗೆ ಬಾ ಎಂದು ಅವಳನ್ನು ಯಾರೂ ಕರೆದಿರಲಿಲ್ಲ. ತೋಳಲ್ಲಿ ಕೂಸು ಮಲಗಿತ್ತು. ಅದರ ಮುಖಕ್ಕೆ ನೊಣ ಕೂರದಂತೆ ಅಂಗೈ ಬೀಸುತ್ತಿದ್ದಳು, ನಿಲ್ಲಿಸದೆ. ಮಣಿಕಟ್ಟು ಕಡ್ಡಿಯಂತಿತ್ತು. ಟೀಚರನ್ನು ನೋಡಿ, ತಾನೇ ಏನೋ ಒಡೆದವಳಂತೆ ನಕ್ಕಳು.

ಕೋಣೆಗೆ ಬಂದು ಟೀಚರ್ ಟಬ್ಬು ಎತ್ತಿ ನೀರನ್ನು ಅಂಗಳಕ್ಕೆ ಎಸೆದರು. ಅರ್ಧ ಸಮುದ್ರ ಅವರ ಸೀರೆಗೇ ಬಿತ್ತು. ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮ ಒಣಬಟ್ಟೆ ತಂದು ಅವರ ಪಾದ ಒರೆಸಿದಳು.

"ಹೇಳಿಬಿಡಿ ಟೀಚರಮ್ಮ. ಒಂದು ಮಾತು ತಾನೆ? ಆಕ್ಟೋಪಸ್ ಬಂದು ಕೇಳುತ್ತಾ?"

"ಅದು ಕೇಳಲ್ಲ ಆಯಮ್ಮ. ಬಟಾಣಿ ಕೇಳ್ತಾಳೆ."

"ಆ ಮಗೂಗೆ ಡಬ್ಬಿ ಮುಚ್ಚಳ ತೆಗೆದುಕೊಡೋದು ನಾನೇ. ಈಗ, 'ಬೇಡ, ಬಿಗಿಯಾಗೇ ಇರಲಿ, ಚೆಲ್ಲಿಹೋಗುತ್ತೆ' ಅಂತಾಳೆ. ನನ್ನ ಪಾಲಿಂದ ಒಂದೆರಡು ತುತ್ತು ಬಾಯಿಗೆ ಹಾಕ್ತೀನಿ. ಹೇಳಿಬಿಡಿ, ಅತ್ಲಾಗೆ ಮಗುವಾದ್ರೂ ಉಣ್ಣಲಿ."

ಮಗು ಉಣ್ಣಬೇಕಾದ್ದು ನಿಜ. ಕೆಲಸ ಬೇಕಾದ್ದೂ ನಿಜ. ಇಡೀ ಸಂಜೆ ಮೈ ಕಾದ ಹಂಚಿನಂತಿತ್ತು. ಕಡೆಗೆ, ಹಾಳಾಗಿ ಹೋಗಲಿ, ಹೇಳಿಬಿಡುವುದು ಎಂದು ತೀರ್ಮಾನಿಸಿದರು.

ಮರುದಿನ ನೀಲಿ ಕೋಣೆಯ ಹಿಂದಿನ ಸಾಲಿನಲ್ಲಿ ಪೋಷಕರು ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಅಜ್ಜಿಗೆ ಮಾತ್ರ ಆಯಮ್ಮ ಎಲ್ಲಿಂದಲೋ ಒಂದು ದೊಡ್ಡ ಕುರ್ಚಿ ತಂದು ಹಾಕಿದ್ದಳು. ಬಟಾಣಿಯ ಅಮ್ಮ ಕೂಸಿನೊಂದಿಗೆ ಬಾಗಿಲ ಬಳಿ ನಿಂತಿದ್ದಳು. ಹೆಡ್ ಮೇಡಂ ಕನ್ನಡಕ ಈಗ ಜಾರುತ್ತಿರಲಿಲ್ಲ.

ಟೀಚರ್ ಗೊಂಬೆಯನ್ನು ಎತ್ತಿಕೊಂಡರು.

"ಮಕ್ಕಳೇ, ಅವತ್ತು ನಾನು ಒಂದು ಮಾತು ತಪ್ಪು ಹೇಳಿದ್ದೆ. ಅಮ್ಮ ಆಕ್ಟೋಪಸ್ ಸಾಯಲ್ಲ. ಊಟ ಮಾಡದಿದ್ರೂ ಅವಳಿಗೆ ಏನೂ ಆಗಲ್ಲ. ಮರಿಗಳ ಜೊತೆ ಈಜಿಕೊಂಡು ಹೋಗ್ತಾಳೆ."

ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಬಟಾಣಿಯ ಅಪ್ಪ ತಲೆಯಾಡಿಸಿದ.

ಬಟಾಣಿಯ ಮುಖ ಹೂವಿನಂತೆ ಅರಳಿತು. ಎದ್ದು ನಿಂತು ಬಾಗಿಲ ಕಡೆ ತಿರುಗಿ ಕೂಗಿಯೇಬಿಟ್ಟಳು, "ಅಮ್ಮಾ, ನೀನು ತಿನ್ನದಿದ್ರೂ ಏನೂ ಆಗಲ್ವಂತೆ!"

"ಬಟಾಣಿ, ಸುಮ್ನೆ ಕೂತ್ಕೋ" ಎಂದಳು ಅಮ್ಮ, ಕೇಳಿಸದಷ್ಟು ಮೆಲ್ಲಗೆ.

"ಟೀಚರ್, ನಮ್ಮಮ್ಮನೂ ಕಾಯ್ತಾಳೆ. ಅಪ್ಪ ಅಂಗಡಿಯಿಂದ ಬರೋ ತನಕ ಕಾಯ್ತಾಳೆ. ಅಜ್ಜಿ ಊಟ ಆಗೋ ತನಕ ಕಾಯ್ತಾಳೆ. ಆಮೇಲೆ ಪಾಪು ಅಳುತ್ತೆ. ಆಮೇಲೆ ಖಾಲಿ. ಅದಕ್ಕೇ ನಾನು ಡಬ್ಬಿ ಒಯ್ತಿದ್ದೆ. ಇನ್ನು ನಾನೇ ತಿನ್ಲಾ?"

ಟೀಚರ್ ಕೈಯಿಂದ ಗೊಂಬೆ ಜಾರಿತು. ಒಂದೇ ಮಾತು, ಕಾಯೋದು. ಮೊಟ್ಟೆಯನ್ನು ಕಾಯುವುದು, ಊಟಕ್ಕೆ ಕಾಯುವುದು. ದೊಡ್ಡವರು ಎರಡನ್ನೂ ಬೇರೆ ಬೇರೆ ಇಟ್ಟಿದ್ದರು. ಮಗು ಇಟ್ಟಿರಲಿಲ್ಲ.

"ನಂಗೆ ಹಸಿವೇ ಆಗಲ್ಲ ಟೀಚರ್" ಎಂದಳು ತಾಯಿ ಅವಸರವಾಗಿ, ನಿನ್ನೆಯದೇ ನಗು ನಗುತ್ತ.

ಆ ಕ್ಷಣ, ಒಲೆಯೇ ಇಲ್ಲದ ಆ ಕೋಣೆಯಲ್ಲಿ ಟೀಚರ್ ಮೂಗಿಗೆ ಸೀದ ವಾಸನೆ ಬಡಿಯಿತು.

"ಆಗುತ್ತೆ!" ಎಂದು ಕೂಗಿದರು. ಮಕ್ಕಳು ಬೆಚ್ಚಿದರು. ಟೀಚರ್ ಮಂಡಿಯೂರಿ ಬಟಾಣಿಯ ಎರಡೂ ಕೈ ಹಿಡಿದುಕೊಂಡರು. "ಆಗುತ್ತೆ ಕಂದ. ಈಗ ಹೇಳಿದ್ದು ಸುಳ್ಳು, ಅವತ್ತು ಹೇಳಿದ್ದೇ ನಿಜ. ಮೂರು ಹೃದಯ ಇರೋಳಿಗೇ ಊಟ ಇಲ್ಲದೆ ಬದುಕೋಕೆ ಆಗಲಿಲ್ಲ. ನಿಮ್ಮಮ್ಮನಿಗೆ ಇರೋದು ಒಂದು. ಆದ್ರೆ ನಿಮ್ಮಮ್ಮ ಸಮುದ್ರದಲ್ಲಿಲ್ಲ. ಮನೇಲಿದ್ದಾಳೆ. ಮನೇಲಿ ಜನ ಇದ್ದಾರೆ. ಊಟ ಕೊಡೋದು ಅವರ ಕೆಲಸ, ನಿನ್ನದಲ್ಲ. ನಿನ್ನ ಡಬ್ಬಿ ನೀನು ತಿನ್ನು."

"ಟೀಚರ್, ಸಾಕು" ಎಂದರು ಹೆಡ್ ಮೇಡಂ.

"ಸಾಕಾಗಿದೆ ಮೇಡಂ, ನನಗೂ ಸಾಕಾಗಿದೆ. ಊರವರಿಗೆಲ್ಲ ಕನ್ನಡಕ ಹಾಕ್ತೀರಲ್ಲ ಸ್ವಾಮಿ, ಮನೇಲಿ ಯಾರು ಉಂಡರು, ಯಾರು ಬಿಟ್ಟರು ಅಂತ ನಿಮಗೆ ಕಾಣಲ್ವಾ? ನಾಲ್ಕೂವರೆ ವರ್ಷದ ಮಗೂಗೆ ಕಾಣ್ತು. ಆ ಮಗು ಹೆದರಿದೆ ಅಂತ ನನ್ನ ಮೇಲೆ ದೂರು ಕೊಡೋಕೆ ಬಂದ್ರಿ! ಹೆದರಬೇಕಾದ್ದಕ್ಕೇ ಹೆದರಿದೆ ಅದು. ಮತ್ತೆ ನಿಮ್ಮ ಗೋಡೆ ಮೇಲೆ ಬರೆಸಿದ್ದೀರಲ್ಲ ಮೇಡಂ, ದೇವರು ಅಂತ. ದೇವರಿಗೆ ಮೊದಲು ಬಡಿಸ್ತಾರೆ, ಕೊನೆಗಲ್ಲ!"



"ನಾವೇನು ಬಡಿಸಬೇಡ ಅಂದ್ವಾ?" ಎಂದಿತು ಅಜ್ಜಿ, ದನಿ ಏರಿಸಿ. "ನಾನೂ ಸೊಸೆಯಾಗಿ ಹಾಗೇ ಕಾದವಳೇ. ನನಗ್ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ ಅಜ್ಜಿ, ಅಲ್ವಾ?" ಎಂದರು ಟೀಚರ್. ಸಿಟ್ಟಿನಲ್ಲೇ ಶುರು ಮಾಡಿದರು, ಆದರೆ ಮುಗಿಸುವಾಗ ದನಿ ಇಳಿದಿತ್ತು.

ಅಜ್ಜಿ ಮಡಿಲ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಿತು.

ಹೆಡ್ ಮೇಡಂ ಪೋಷಕರನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿದರು. ಟೀಚರ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ಈ ವಾರ ಮುಗಿಸಿಬಿಡಿ. ಮುಂದಿನ ವರ್ಷಕ್ಕೆ ನಾನು ಬೇರೆಯವರನ್ನ ನೋಡ್ಕೋತೀನಿ" ಎಂದರು. ಹೇಳುವಾಗ ಮುಖ ನೋಡಲಿಲ್ಲ. ನೆಲಕ್ಕೆ ಬಿದ್ದಿದ್ದ ಗೊಂಬೆಯನ್ನು ಎತ್ತಿ, ಧೂಳು ತಟ್ಟಿ, ಮೇಜಿನ ಮೇಲೆ ಕೂರಿಸಿ ಹೋದರು.

ಟೀಚರ್ ಕಿಟಕಿಯ ನೀಲಿ ಕಾಗದಗಳನ್ನು ಪರಪರನೆ ಕೀಳತೊಡಗಿದರು. ಸಿಟ್ಟು ಈಗ ತಮ್ಮ ಮೇಲೆಯೇ ಇತ್ತು. ಕೆಲಸ ಹೋದದ್ದಕ್ಕಲ್ಲ. ಬಟಾಣಿಯ ಮುಖ ಅರಳಿದ ಆ ಒಂದು ಗಳಿಗೆಗೆ. ಅದನ್ನು ಅರಳಿಸಿದ್ದು ತಮ್ಮ ಸುಳ್ಳು ಎಂಬುದಕ್ಕೆ. ಅವರ ಬೆನ್ನ ಹಿಂದೆ ಬಟಾಣಿ ಡಬ್ಬಿ ಹಿಡಿದು ಆಯಮ್ಮನ ಮುಂದೆ ನಿಂತಿದ್ದಳು. ಮುಚ್ಚಳ ಟಪ್ಪೆಂದು ತೆರೆದ ಸದ್ದು ಕೇಳಿಸಿತು. ಮಗು ತಿನ್ನತೊಡಗಿತು, ಒಂದು ಕಣ್ಣು ಕಿಟಕಿಯ ಮೇಲಿಟ್ಟುಕೊಂಡೇ.

ಕಾಗದ ಕಿತ್ತ ಗಾಜಿನಾಚೆ ಬೆಂಚು ಕಾಣುತ್ತಿತ್ತು. ಬಟಾಣಿಯ ಅಮ್ಮ ಅದೇ ತುದಿಯಲ್ಲಿ ಕೂತು, ಕೂಸಿನ ಮುಖದ ಮೇಲೆ ಅಂಗೈ ಬೀಸುತ್ತಿದ್ದಳು. ಕನ್ನಡಕದಂಗಡಿಯವನು ದೂರದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಅಜ್ಜಿ ಬೆಂಚಿನ ಇನ್ನೊಂದು ತುದಿಯಲ್ಲಿತ್ತು, ಮಡಿಲಲ್ಲಿ ಚೀಲ. ಮಗನಿಗೆಂದು ಕಟ್ಟಿ ತಂದ ಊಟದ ಡಬ್ಬಿ ಅದರಲ್ಲಿ. ಅಜ್ಜಿ ಆ ಚೀಲವನ್ನು ಬೆಂಚಿನ ಮೇಲಿಟ್ಟಿತು. ಆಮೇಲೆ ಪಕ್ಕಕ್ಕೆ ಸರಿದು, ಸೊಸೆಯ ತೋಳಿನಿಂದ ಕೂಸನ್ನು ಎತ್ತಿ ಮಗನ ಕೈಗೆ ಹಾಕಿ ಬಂತು. ಡಬ್ಬಿ ಹೊರತೆಗೆಯಿತು. ಮುಚ್ಚಳ ಬಿಗಿಯಾಗಿತ್ತು. ಸೆರಗಿನಲ್ಲಿ ಹಿಡಿದು, ಹಲ್ಲು ಕಚ್ಚಿ ತಿರುಗಿಸಿ ತೆರೆದು, ಸೊಸೆಯ ಕೈಗೆ ಇಟ್ಟಿತು.