ಕೈ ಹಿಡಿದು ಕೂತವಳು

ಸಾಂಗಲಿ ಪೇಟೆಯಲ್ಲಿ ಅರಿಸಿನದ ಲಿಲಾವು ಕೂಗುತ್ತಿದ್ದಾಗಲೇ ಕಾಡಪ್ಪ ಎದೆ ಒತ್ತಿಕೊಂಡು ಕುಸಿದು ಬಿದ್ದ. ಪಕ್ಕದ ಅಂಗಡಿಯವರು ತಮ್ಮ ಮೋಟಾರಿನಲ್ಲಿ ಮಿರಜದ ಆಸ್ಪತ್ರೆಗೆ ಸಾಗಿಸಿದರು. ಸುದ್ದಿ ಕೇಳಿ ಮನೆಯಿಂದ ಓಡಿಬಂದ ಹೆಂಡತಿ ಗುರುಶಾಂತವ್ವ ಉಟ್ಟ ಸೀರೆಯಲ್ಲೇ ಜೊತೆಗೆ ಬಂದಳು.

ಅವನ ತುಟಿ ನೀಲಿಗಟ್ಟಿತ್ತು. ಯುದ್ಧದ ಕಾಲ, ಮುಂಬಯಿಯಿಂದ ರೈಲಿನಲ್ಲಿ ಬರುವ ಆಕ್ಸಿಜನ್ ಸಿಲಿಂಡರು ಸಿಗುವುದೇ ಕಷ್ಟ. ಇದ್ದುದರಲ್ಲಿ ಒಂದನ್ನು ತಂದು ಮಂಚದ ಮಗ್ಗುಲಿಗೆ ನಿಲ್ಲಿಸಿದರು. ರಬ್ಬರಿನ ಸಣ್ಣ ನಳಿಗೆ ಮೂಗಿನೊಳಗೆ ಹೋಯಿತು. ನಡುವಿನ ನೀರಿನ ಬಾಟಲಿ ಗುಳುಗುಳು ಎನ್ನತೊಡಗಿತು.

ಗುರುಶಾಂತವ್ವ ಗಂಡನ ಹಣೆಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಹೊತ್ತಿಸಲು ಕಡ್ಡಿಪೆಟ್ಟಿಗೆ ತೆಗೆದಳು.

"ಬೆಂಕಿ ಬ್ಯಾಡ್ರಿ ಅವ್ವಾ!" ನರ್ಸ್ ಸರುಬಾಯಿ ತಡೆದಳು. "ಈ ಹವಾ ಇದ್ದಲ್ಲಿ ಒಂದು ಕಿಡಿ ಬಿದ್ರ ಭಗ್ ಅಂತ ಹತ್ತಿಕೊಂತೈತಿ. ನೀವು ಇವರ ಕೈ ಹಿಡಕೊಂಡು ಕುಂದ್ರಿ. ಇಲ್ಲಾಂದ್ರ ನಳಿಗಿ ಕಿತ್ತ ಒಗೀತಾರ."

ನಾಲ್ಕು ಜನರೆದುರು ಗಂಡನ ಕೈ ಹಿಡಿದವಳಲ್ಲ ಆಕೆ. ನಾಚಿಕೆಯಾಗಬೇಕಿತ್ತು. ಏನೂ ಆಗಲಿಲ್ಲ. ಯಾರದೋ ಮನೆಯ ಕೆಲಸಕ್ಕೆ ಕೂತವಳಂತೆ ಎರಡೂ ಮಣಿಕಟ್ಟು ಹಿಡಿದು ಕೂತಳು.

ಮಧ್ಯಾಹ್ನದ ಹೊತ್ತಿಗೆ ತುಟಿಗೆ ಬಣ್ಣ ಬಂತು. ಕಾಡಪ್ಪ ಕಣ್ಣು ಬಿಟ್ಟ. ಕೈ ಎಳೆದುಕೊಳ್ಳಲು ನೋಡಿದ.

"ಬಿಡು."

"ಬಿಡಂಗಿಲ್ರಿ. ನರ್ಸಬಾಯಿ ಹೇಳ್ಯಾರ."

"ಉಸಿರು ಕಟ್ಟತೈತಿ ಈ ನಳಿಗಿಯಿಂದ. ಬಿಡು, ಶಾಂತಾ."

ಮನೆಯಲ್ಲಿ ಅವನು ಎಂದೂ ಅವಳ ಹೆಸರು ಹಿಡಿದು ಕರೆದಿರಲಿಲ್ಲ. ಅವಳು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಎಳೆಯುವುದನ್ನು ನಿಲ್ಲಿಸಿದ. ಸಮಾಧಾನವಾಯಿತೆಂದು ಅವಳು ತಿಳಿದಳು.

ಸರುಬಾಯಿ ಬಂದು ನಾಡಿ ನೋಡಿದಳು, ಓಡಿಹೋಗಿ ಡಾಕ್ಟರರನ್ನು ಕರೆತಂದಳು. ಡಾಕ್ಟರು ಎದೆಗೆ ಕಿವಿನಳಿಗೆ ಇಟ್ಟು ಬಹಳ ಹೊತ್ತು ಬಗ್ಗಿ ನಿಂತರು. ಕೊನೆಗೆ ಸಿಲಿಂಡರಿನ ಕೀಲಿ ತಿರುವಿದರು. ಬಾಟಲಿಯ ಸದ್ದು ನಿಂತಿತು.

"ಹವಾ ಕೊಟ್ಟಿದ್ದಕ್ಕ ಇಷ್ಟು ಹೊತ್ತು ಇದ್ರು, ಅವ್ವಾ. ಹೃದಯಾನೇ ಸೋತಿತ್ತು. ನೀವು ಮಾಡಿದ್ದು ಬರೋಬರ್ ಐತಿ."

ಅವಳು ತಲೆಯಾಡಿಸಿದಳು. ಬೆರಳುಗಳನ್ನು ಸರುಬಾಯಿಯೇ ಒಂದೊಂದಾಗಿ ಬಿಡಿಸಬೇಕಾಯಿತು.

ಸಾಂಗಲಿಯಿಂದ ಮೈದುನ ಸಿದ್ರಾಮಪ್ಪ ಗಾಡಿ ಮಾಡಿಕೊಂಡು ಬಂದು, ಅಣ್ಣನ ಕಾಲಿಗೆ ಹಣೆ ಹಚ್ಚಿ ಗೋಳಾಡಿದ. ಗುರುಶಾಂತವ್ವ ಅವನಿಗೆ, "ಊಟ ಆಗೇತೇನು?" ಎಂದು ಕೇಳಿದಳು. ಅವನು ಬೆಚ್ಚಿ ಅತ್ತಿಗೆಯ ಮುಖ ನೋಡಿದ.

ಮನೆಯಲ್ಲಿ ಅತ್ತೆ ಅವಳ ಭುಜ ಹಿಡಿದು ಅಲುಗಾಡಿಸಿದಳು. "ಅಳಽ ಮಗಳಽ, ಅತ್ತುಬಿಡು! ಕಡೀಕ ಏನರ ಅಂದನೇನಽ ನನ್ನ ಮಗ?"

"ಏನೂ ಅನ್ನಲಿಲ್ರಿ," ಎಂದಳು. ಹೆಂಗಸರು ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದರು. ಕೂಡಿಸಿದ ಹಾಗೆಯೇ ಕೂತಿದ್ದಳು.