ಗಂಟೆಯಿಲ್ಲದ ಧಪ್ ಧಪ್

ಮಗಳು ಟೀವಿಯ ಮುಂದೆ ಕುಣಿಯುವ ಅರ್ಧ ಗಂಟೆ ಹೊಲಿಗೆಯವಳಿಗೆ ಜೀವ ಕೈಯಲ್ಲಿ ಹಿಡಿದು ಕೂರುವ ಹೊತ್ತು. ಹನ್ನೆರಡರ ಹುಡುಗಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಬೇಕು. ಹೊರಗೆ ಆಡಲು ಕಳಿಸಲು ತಾಯಿಗೆ ಧೈರ್ಯವಿಲ್ಲ, ಒಳಗೇ ಕೂರಿಸಿದರೆ ಡಾಕ್ಟರು ಬಿಡುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ಕೊನೆಗೆ ಅವರೇ ಸೂಚಿಸಿದ್ದು ಈ ವಿಡಿಯೋ ಆಟ. ಹುಡುಗಿ ಹಾರಿದರೆ ಪರದೆಯ ಮೇಲಿನ ಮೊಲವೂ ಹಾರುತ್ತದೆ, ಟಿಣ್ ಎಂದು ಗಂಟೆ ಬಾರಿಸುತ್ತದೆ. ನಿಂತರೆ ಹಳ್ಳಕ್ಕೆ ಬೀಳುತ್ತದೆ. ಕುಣಿದರೆ ಸಕ್ಕರೆ ಇಳಿಯಬಹುದು, ಮೊದಲು ಏನಾದರೂ ತಿನ್ನಿಸಿ ಎಂದೂ ಅವರು ಎಚ್ಚರಿಸಿದ್ದರು.

ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಹುಡುಗಿಗೆ ಕಾಲೇ ಏಳುತ್ತಿರಲಿಲ್ಲ. ಹಾಗಾಗಿ ಇಬ್ಬರಲ್ಲೂ ಒಂದು ಒಪ್ಪಂದವಾಯಿತು. ಬಾಗಿಲು ಮುಚ್ಚಿರಲಿ, ಸದ್ದು ಮಾತ್ರ ಕೇಳುತ್ತಿರಬೇಕು.

"ನಿನ್ನ ಕಾಲಿನ ಸದ್ದು ನಿಂತ್ರೆ ನನ್ನ ಎದೆ ಒಡೆದುಹೋಗುತ್ತೆ ಪುಟ್ಟಿ" ಎಂದಿದ್ದಳು ತಾಯಿ. ಮೇಲೆ ಆನೆ ಸಾಕಿದ್ದೀರಾ ಎಂದು ಕೆಳಮನೆಯ ಅಜ್ಜ ಕೇಳಿದಾಗ, ಮರಿ ಆನೆ ಎಂದು ನಕ್ಕಿದ್ದಳು.

ಅವತ್ತು ಶಾಲೆಯ ನಲವತ್ತು ಸಮವಸ್ತ್ರ ಎದುರಿಗೆ ಗುಡ್ಡೆ ಬಿದ್ದಿತ್ತು. ಅವಳು ಮೆಷಿನ್ ತುಳಿಯುತ್ತಾ, ಒಂದೊಂದು ಹೊಲಿಗೆ ಮುಗಿದಾಗಲೂ ಕಾಲು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಧಪ್ ಧಪ್. ಸದ್ಯ. ಮತ್ತೆ ತುಳಿತ, ಮತ್ತೆ ಧಪ್ ಧಪ್. ಆರನೆಯದೋ ಏಳನೆಯದೋ ತೋಳು ಹೊಲಿದು ನಿಲ್ಲಿಸಿದಾಗ ಏನೋ ಸರಿಯಿಲ್ಲ ಅನಿಸಿತು. ಧಪ್ ಧಪ್ ಇದೆ, ಟಿಣ್ ಇಲ್ಲ. ಇವಳು ಹಾರುತ್ತಿದ್ದರೆ ಮೊಲವೇಕೆ ಹಾರುತ್ತಿಲ್ಲ? ಮೆಷಿನ್ ಬಿಟ್ಟು ಎದ್ದಳು.

ಬಾಗಿಲು ತಳ್ಳಿದಳು. ಮೊಲ ಹಳ್ಳದಲ್ಲಿ ಬಿದ್ದಿತ್ತು. ಮಗಳು ಮಂಚಕ್ಕೆ ಒರಗಿ ನೆಲದ ಮೇಲೆ ಕುಸಿದಿದ್ದಳು. ಮುಖ ಬಿಳಿಚಿಕೊಂಡು, ಬೆವರಿಗೆ ಕೂದಲೆಲ್ಲ ಹಣೆಗೆ ಅಂಟಿತ್ತು. ಕಣ್ಣು ಅರೆ ಮುಚ್ಚಿದ್ದರೂ ಅಂಗೈ ಮಾತ್ರ ನೆಲಕ್ಕೆ ಬಡಿಯುತ್ತಲೇ ಇತ್ತು. ಧಪ್ ಧಪ್. ತಾಯಿ ಮಧ್ಯಾಹ್ನ ತಟ್ಟೆಯಲ್ಲಿಟ್ಟು ಮರೆತ ಬಿಸ್ಕತ್ತು ಹಾಗೇ ಇತ್ತು. ತಿಂದಳೋ ಇಲ್ಲವೋ ಎಂದು ಅವಳು ತಿರುಗಿ ನೋಡಿರಲಿಲ್ಲ.

ನೂಲುಂಡೆಗಳ ಡಬ್ಬಿಯಲ್ಲಿ ಯಾವಾಗಲೂ ಇರುತ್ತಿದ್ದ ಗ್ಲೂಕೋಸ್ ಪೊಟ್ಟಣವನ್ನು ಹಲ್ಲಿನಿಂದ ಹರಿದಳು. ಲೋಟದ ನೀರಿಗೆ ಸುರಿದು ಕಲಕುವ ಅವಸರದಲ್ಲಿ ಅರ್ಧ ನೆಲದ ಪಾಲಾಯಿತು. ಮಿಕ್ಕದ್ದನ್ನು ಮಗಳು ಗುಟುಕು ಗುಟುಕಾಗಿ ಕುಡಿದಳು. ಆ ಹತ್ತು ನಿಮಿಷ ತಾಯಿಗೆ ಹತ್ತು ವರ್ಷವಾಯಿತು. ಆಮೇಲೆ ತುಟಿಗೆ ನಿಧಾನವಾಗಿ ಬಣ್ಣ ಬಂತು.

"ಕೂಗಬಾರ್ದಿತ್ತೇನೆ?"

"ಸದ್ದು ನಿಂತ್ರೆ ನೀನು ಹೆದರ್ತೀಯಲ್ಲಮ್ಮ."

ತಾಯಿ ಪಕ್ಕದಲ್ಲೇ ನೆಲಕ್ಕೆ ಕೂತಳು. ಹೆದರಿಕೆ ತನ್ನದು, ಅದನ್ನು ಈ ಕೂಸಿನ ತಲೆಗೆ ಹೊರಿಸಿದ್ದೂ ತಾನೇ. ಮಗಳ ಅಂಗೈ ಇನ್ನೂ ಅರಿವಿಲ್ಲದೆ ನೆಲ ತಟ್ಟುತ್ತಿತ್ತು, ಕೆಂಪಾಗಿ ಬಾತುಕೊಂಡಿತ್ತು. ಅದನ್ನು ತನ್ನ ಎರಡೂ ಕೈಯೊಳಗೆ ಹಿಡಿದಳು; ಅಲ್ಲೂ ಅದು ಬಡಿಯುತ್ತಲೇ ಇತ್ತು.

"ಹೆದರ್ತೀನಿ ಕಣೇ. ಹೆದರ್ಕೊಂಡೇ ಓಡಿ ಬರ್ತೀನಿ. ನೀನು ನಿಲ್ಸು."

ಹುಡುಗಿ ನಿಲ್ಲಿಸಿದಳು.