ಮುಖಪುಟದ ಬಲಗೈ

"ಗಲ್ಲ ಒಂಚೂರು ಕೆಳಗೆ. ಅಲ್ಲೇ ಇರು, ಅಲ್ಲಾಡಬೇಡ."

ಗಿಟಾರಿನ ಹುಡುಗಿ ಉಸಿರು ಬಿಗಿಹಿಡಿದು ಕುಳಿತಳು. ಕಾಲೇಜಿನ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಮೊದಲ ವರ್ಷದವರ ಚಿತ್ರ ಬರುತ್ತಿರುವುದು ಇದೇ ಮೊದಲು. ತೆಗೆಯುತ್ತಿದ್ದವನು ಕೊನೆಯ ವರ್ಷದವನು. ಗೆಳೆಯರು ಅವನನ್ನು ಫೋಕಸ್ ಎಂದೇ ಕರೆಯುತ್ತಿದ್ದರು; ಅವನಿಗೂ ಒಳಗೊಳಗೇ ಅದರ ಜಂಬ. ಖಾಲಿ ತರಗತಿಯ ಕಿಟಕಿಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಎರಡು ಗಂಟೆ ಅವಳನ್ನು ಹಾಗೆ ತಿರುಗು, ಹೀಗೆ ತಿರುಗು ಎಂದು ಗೋಳುಹೊಯ್ದುಕೊಂಡ. ಮೂಗಿನ ಮೇಲಿನ ಬೆಳಕು, ಕೆನ್ನೆಯ ನೆರಳು, ಹಾರಾಡುವ ಕೂದಲು ಯಾವುದೂ ಅವನ ಕಣ್ಣು ತಪ್ಪಿಸಲಿಲ್ಲ. ಹೊರಡುವಾಗ ಅವಳು, ಕೈ ಚೆನ್ನಾಗಿ ಕಾಣುವ ಚಿತ್ರವನ್ನೇ ಹಾಕಿ, ಅಪ್ಪ ನೋಡುತ್ತಾರೆ ಎಂದು ಹೇಳಿದಳು. ಉಗುರಿನ ಬಣ್ಣದ ಚಿಂತೆಯಿರಬೇಕು ಎಂದುಕೊಂಡು ಅವನು ಹೂಂಗುಟ್ಟಿದ.

ಮರುದಿನ ಕಂಪ್ಯೂಟರಿನ ಮುಂದೆ ಕೂತು ಎರಡು ಮೊಡವೆ ಅಳಿಸಿದ, ಕಣ್ಣಿಗೆ ತುಸು ಹೊಳಪು ಕೊಟ್ಟ. ಪೇಚಾಟ ತಂದದ್ದು ಒಂದೇ: ಪುಟದ ಎಡಬದಿಗೆ ಲೇಖನಗಳ ಪಟ್ಟಿ ಬರಬೇಕಿತ್ತು, ಗಿಟಾರಿನ ಕತ್ತು ಸರಿಯಾಗಿ ಅಲ್ಲಿಗೇ ಚಾಚಿಕೊಂಡಿತ್ತು. ಅವನು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿದ. ಪಟ್ಟಿಗೆ ಜಾಗವಾಯಿತು. ಅಷ್ಟೇ ಅಲ್ಲ, ಮೊದಲಿನಿಂದ ಏನೋ ಸರಿಯಿಲ್ಲ ಎನಿಸುತ್ತಿದ್ದುದು ಈಗ ನೆಟ್ಟಗಾದಂತೆ ಕಂಡಿತು. ತನ್ನ ಕಣ್ಣಿನ ಬಗ್ಗೆ ಅವನಿಗೇ ಮೆಚ್ಚುಗೆಯಾಯಿತು. ಸಂಪಾದಕಿಯೂ ತಲೆದೂಗಿ ಅಚ್ಚಿಗೆ ಕಳಿಸಿದಳು.

ಬಿಡುಗಡೆಯ ದಿನ ಸಭಾಂಗಣದ ಬಾಗಿಲಲ್ಲಿ ಅವನೇ ಪ್ರತಿ ಹಂಚುತ್ತಿದ್ದ. ಅವಳು ಅಪ್ಪನ ಜೊತೆ ಬಂದಳು. ಮುಖಪುಟ ನೋಡಿದವಳ ಮುಖ ಇಳಿದುಹೋಯಿತು. ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಒಬ್ಬಳೇ ಹಿಂದೆ ಬಂದಳು.

"ಅಣ್ಣಾ, ನಾನು ಎಡಚಿ. ನೀವು ತಿರುಗಿಸಿಬಿಟ್ಟಿದೀರ."

ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಎರಡು ಗಂಟೆ ಅವಳೆದುರು ಮಂಡಿಯೂರಿದ್ದವನಿಗೆ ಯಾವ ಕೈ ತಂತಿ ಮೀಟುತ್ತಿದೆ ಎಂಬುದೇ ಕಂಡಿರಲಿಲ್ಲ. ಅವಳು ಉಳಿದದ್ದನ್ನೂ ಹೇಳಿದಳು. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬರೆದರೆ ಅಪ್ಪ ಸ್ಕೇಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರಂತೆ. ತಂತಿಗಳನ್ನು ಬಿಚ್ಚಿ ಉಲ್ಟಾ ಕಟ್ಟಿಕೊಂಡು ಅವಳು ನುಡಿಸಲು ಕಲಿತದ್ದು ಸೋದರತ್ತೆಯ ಮನೆಯಲ್ಲಿ, ಕದ್ದುಮುಚ್ಚಿ. ಅವಳು ನುಡಿಸುವುದನ್ನು ಅಪ್ಪ ಇವತ್ತೇ ಮೊದಲು ನೋಡುವುದು. ಮುಖಪುಟದಲ್ಲಿ ಮಗಳ ಎಡಗೈ ನೋಡಿ ಮೆತ್ತಗಾದಾರು ಎಂದೇ ಅವಳು ಕರೆತಂದಿದ್ದಳು.

"ನಾನು ಸ್ಟೇಜ್ ಹತ್ತೋದ್ರೊಳಗೆ ನೀವೇ ಹೇಳಿಬಿಡಿ ಅಣ್ಣಾ. ಇಲ್ಲಾಂದ್ರೆ ನಾನು ಬಲಗೈಗೆ ಬದಲಾಗಿದೀನಿ ಅಂದ್ಕೊಂಡಿರ್ತಾರೆ."

ಹೇಳುತ್ತೇನೆ ಎಂದು ಅವನು ಮಾತು ಕೊಟ್ಟ. ಮುಂದಿನ ಸಾಲಿಗೆ ಹೋಗಿ ಚಿತ್ರ ತೆಗೆದವನು ತಾನೆಂದು ತಿಳಿಸಿದ್ದೇ ತಡ, ಅಪ್ಪ ಎದ್ದು ನಿಂತು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಕೊನೆಗೂ ಬಲಗೈ ರೂಢಿ ಮಾಡ್ಕೊಂಡಿದಾಳೆ ನೋಡಪ್ಪ," ಎಂದರು. "ಎಷ್ಟು ಹೊಡೆದಿದೀನಿ ಆ ಮಗೂನ. ತಪ್ಪು ಮಾಡಿದ್ನೇನೋ ಅಂತ ಎಷ್ಟೋ ಸಲ ಅನ್ನಿಸಿದೆ. ಇವತ್ತು ಸಮಾಧಾನ ಆಯ್ತು."

ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು.

"ಅವತ್ತು ಬೆಳಕು ಚೆನ್ನಾಗಿತ್ತು ಅಂಕಲ್," ಎಂದ.

ಆಡಿದ ಮಾತಿಗೆ ಅವನಿಗೇ ಅಸಹ್ಯವಾಯಿತು. ತಿದ್ದಿಕೊಳ್ಳಲು ಇನ್ನೂ ಹೊತ್ತಿತ್ತು. ಆದರೆ ಅವನು ಪ್ರತಿಗಳ ಕಟ್ಟನ್ನು ಎದೆಗವಚಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತ. ಪರದೆಯ ಸಂದಿಯಿಂದ ಅವಳು ಹುಬ್ಬೇರಿಸಿ, ಹೇಳಿದಿರಾ ಎಂದು ಕೇಳಿದಳು. ಅವನು ತಲೆಯಾಡಿಸಿದ, ಹೌದು ಎಂದು.

ಅವಳ ಮುಖ ಅರಳಿತು. ವೇದಿಕೆಗೆ ಬಂದು ಕುರ್ಚಿಯಲ್ಲಿ ಕುಳಿತು, ಗಿಟಾರನ್ನು ತೊಡೆಗೇರಿಸಿ, ಅಪ್ಪನತ್ತ ನೋಡಿ ನಕ್ಕು, ಎಡಗೈ ಎತ್ತಿ ತಂತಿಗಳ ಮೇಲಿಟ್ಟಳು.

ಅಪ್ಪ ವೇದಿಕೆ ನೋಡಿದರು. ಮಡಿಲಲ್ಲಿದ್ದ ಮುಖಪುಟ ನೋಡಿದರು. ಮತ್ತೆ ವೇದಿಕೆ ನೋಡಿದರು. ಆಮೇಲೆ ಪತ್ರಿಕೆಯನ್ನು ಮೆಲ್ಲಗೆ ಬೋರಲು ಹಾಕಿ, ಅದರ ಮೇಲೆ ತಮ್ಮ ಬಲಗೈ ಇಟ್ಟುಕೊಂಡು ಕೂತರು.